ಶರಣ್ಯಳ ಅಳತೆ ಶರಣ್ಯಳಿಗೇ

ಹೋದ ಜೂನ್‌ನಲ್ಲಿ ಹೊಲಿಸಿದ ಯೂನಿಫಾರಂ ಈ ಜೂನ್‌ನಲ್ಲೂ ಶರಣ್ಯಳಿಗೆ ಸರಿಹೋಯಿತು. ಬೇರೆ ಮನೆಯಲ್ಲಾದರೆ ಸಂತೋಷಪಡುತ್ತಿದ್ದರು. ಚಾಮರಾಜಪೇಟೆಯ ಈ ಮನೆಯಲ್ಲಿ ಅಮ್ಮ ಶಿವಲೀಲಾ ಚಿಂತೆಗೆ ಬಿದ್ದಳು. ಮಗಳು ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳಲು ಶುರುಮಾಡಿ ಒಂದು ವರ್ಷವಾಗಿತ್ತು.

"ಪಕ್ಕದ್ಮನೆ ಲಾಸ್ಯಾಗೂ ಇದೇ ಔಷಧಿ. ಹತ್ತು ಸೆಂಟಿಮೀಟರ್ ಬೆಳೆದ್ಲು. ನಮ್ಮ ಮಗೂಗೆ ಹಿಡೀಲಿಲ್ಲ. ಚುಚ್ಚಿದ್ದು ಸಾಕು, ನಿಲ್ಸೇ," ಎಂದರು ಅಜ್ಜಿ ಗುರುಬಸಮ್ಮ.

ನಿಲ್ಲಿಸುವ ಮೊದಲು ಒಮ್ಮೆ ಕೇಳೋಣವೆಂದು ಶಿವಲೀಲಾ ಮಗಳನ್ನೂ ಅತ್ತೆಯನ್ನೂ ಆಸ್ಪತ್ರೆಗೆ ಕರೆದೊಯ್ದಳು. ನರ್ಸ್ ರಂಜಿನಿ ಫೈಲ್ ತೆರೆದರು.

"ಲಾಸ್ಯಾ ಜೊತೆ ಹೋಲಿಸ್ಬೇಡಿ ಅಜ್ಜಿ. ಶರಣ್ಯಳ ವಯಸ್ಸು, ತೂಕ, ಅಪ್ಪ ಅಮ್ಮನ ಎತ್ತರ, ರಕ್ತ ಪರೀಕ್ಷೆ ಎಲ್ಲಾ ನೋಡಿ, ಇವಳು ವರ್ಷಕ್ಕೆ ಸುಮಾರು ಎಂಟು ಸೆಂಟಿಮೀಟರ್ ಬೆಳೀಬಹುದು ಅಂತ ಡಾಕ್ಟ್ರು ಮೊದಲೇ ಬರೆದಿದಾರೆ. ಐದೇ ಆಗಿದೆ."

"ನಾನ್ ಹೇಳಿದ್ದೂ ಅದೇ!"

"ಅಂದಾಜು ಅಜ್ಜಿ, ಜಾತಕ ಅಲ್ಲ. ಸ್ವಲ್ಪ ಹೆಚ್ಚು ಕಮ್ಮಿ ಆಗತ್ತೆ. ಇಷ್ಟು ಕಮ್ಮಿ ಆದ್ರೆ ಕಾರಣ ಹುಡುಕ್ಬೇಕು. ಔಷಧಿ ಫ್ರಿಜ್‌ನಲ್ಲಿ ಇಡ್ತೀರಾ? ಒಂದು ದಿನಾನೂ ತಪ್ಪಲ್ವಾ?"

"ಮಂಗಳವಾರ, ಶುಕ್ರವಾರ ರಜಾ!" ಎಂದಳು ಶರಣ್ಯ.

ಶಿವಲೀಲಾ ಅತ್ತೆಯ ಮುಖ ನೋಡಿದಳು. ಅವಳು ಕೆಲಸದಿಂದ ಬರುವುದು ತಡ. ಇಂಜೆಕ್ಷನ್ ಕೊಡುವವರು ಅತ್ತೆಯೇ.

"ದೀಪ ಹಚ್ಚಿದ್ಮೇಲೆ ಆ ಎರಡು ದಿನ ನಾವು ಸೂಜಿ ಮುಟ್ಟಲ್ಲಮ್ಮ," ಅಜ್ಜಿಯ ಧ್ವನಿ ಇಳಿದಿತ್ತು. "ಎರಡು ದಿನಕ್ಕೇನು ಅಂದ್ಕೊಂಡೆ."

"ನಿಮ್ಮ ಬಿಪಿ ಮಾತ್ರೆಗೂ ರಜಾ ಇದ್ಯಾ?"

"ಅಯ್ಯೋ, ಬಿಟ್ರೆ ತಲೆ ಸುತ್ತತ್ತೆ."

"ಮೊಮ್ಮಗಳಿಗೆ ತಲೆ ಸುತ್ತಲ್ಲ, ಎತ್ತರ ನಿಲ್ಲತ್ತೆ. ಮೂಳೆ ಬೆಳೆಯೋ ಕಾಲ ಮುಗಿದ್ರೆ ಮತ್ತೆ ಸಿಗಲ್ಲ."

ಅಜ್ಜಿ ಕೇಳಿದರು, "ದೀಪಕ್ಕೆ ಮುಂಚೆ ಕೊಡಬಹುದಾ?"

"ಧಾರಾಳವಾಗಿ. ದಿನಾ ಅದೇ ಹೊತ್ತಿಗೆ ಕೊಡಿ."

ಡಾಕ್ಟರು ಡೋಸ್ ಹೆಚ್ಚಿಸಲಿಲ್ಲ. ಬೇರೆ ಕಾರಣವೂ ಇರಬಹುದೆಂದು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದು ಸರಿಯಾಗಿತ್ತು. ದಿನವೂ ತಪ್ಪದೆ ಕೊಟ್ಟು, ಆರು ತಿಂಗಳ ನಂತರ ಅಳೆದಾಗ ಶರಣ್ಯ ನಾಲ್ಕು ಸೆಂಟಿಮೀಟರ್ ಬೆಳೆದಿದ್ದಳು. "ಇನ್ನೊಂದ್ಸಲ ಅಳೀರಿ," ಎಂದರು ಅಜ್ಜಿ. ಮತ್ತೆ ಅಳೆದರು. ನಾಲ್ಕೇ. ವರ್ಷಕ್ಕೆ ಎಂಟು ಎಂದ ಡಾಕ್ಟರ ಲೆಕ್ಕಕ್ಕೆ ಸರಿಹೋಯಿತು.

ನಿಮ್ಮ ಮಗುವಿಗೂ ಈ ಚಿಕಿತ್ಸೆ ನಡೆಯುತ್ತಿದ್ದರೆ, ಮಗುವಿನಿಂದ ಎಷ್ಟು ಬೆಳವಣಿಗೆ ನಿರೀಕ್ಷಿಸಬಹುದೆಂದು ಡಾಕ್ಟರನ್ನೇ ಕೇಳಿ. ಪಕ್ಕದ ಮನೆಯನ್ನು ಕೇಳಬೇಡಿ. ಕಡಿಮೆಯಾದರೆ ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ. ತಪ್ಪಿದ ದಿನಗಳಿದ್ದರೆ ಸಂಕೋಚವಿಲ್ಲದೆ ಹೇಳಿ. ಅಲ್ಲಿ ನಿಮ್ಮನ್ನು ಯಾರೂ ಬೈಯುವುದಿಲ್ಲ.