ಹತ್ತುವವನ ಜೇಬು

ಲೈನ್‌ಮನ್‌ಗಳ ಕೆಲಸದಲ್ಲಿ ಯಾವ ಪುಸ್ತಕದಲ್ಲೂ ಬರೆಯದ ಒಂದು ಕಟ್ಟಳೆ ಇದೆ. ಕಂಬ ಹತ್ತುವವನೇ ಟ್ರಾನ್ಸ್‌ಫಾರ್ಮರಿಗೆ ಹೋಗಿ ಫ್ಯೂಸ್ ಕೀಳಬೇಕು, ಕಿತ್ತದ್ದನ್ನು ತನ್ನ ಜೇಬಿಗೇ ಹಾಕಿಕೊಂಡು ಮೇಲೆ ಹತ್ತಬೇಕು. ಹೆತ್ತ ಅಪ್ಪ ಕೇಳಿದರೂ ಕೊಡಬಾರದು. ಫ್ಯೂಸ್ ಅವನ ಹತ್ತಿರ ಇರುವಷ್ಟು ಹೊತ್ತು ಕೆಳಗಿನ ಯಾವ ಪುಣ್ಯಾತ್ಮನೂ ಕರೆಂಟ್ ಕೊಡಲಾರ. ಈ ಪಾಠವನ್ನು ಅಳಿಯನ ಕಿವಿ ಹಿಂಡಿ ಹೇಳಿಕೊಟ್ಟವರು ಅವನ ಸೋದರಮಾವ. ಅದನ್ನು ಮುರಿದವರೂ ಅವರಿಬ್ಬರೇ.

ವಿದ್ಯುತ್ ಇಲಾಖೆಯ ಆ ಸೆಕ್ಷನ್ ಆಫೀಸಿನಲ್ಲಿ ಮಾವನಿಗೆ ‘ಹಳೇ ಸ್ಕೀಮು’ ಎಂದೂ ಅಳಿಯನಿಗೆ ‘ಹೊಸ ಸ್ಕೀಮು’ ಎಂದೂ ಅಡ್ಡಹೆಸರು. ಮಾವ ಕೆಲಸಕ್ಕೆ ಸೇರಿದ ಕಾಲದಲ್ಲಿ ನಿವೃತ್ತಿಯಾದವರಿಗೆ ಉಸಿರಿರುವ ತನಕ ಪಿಂಚಣಿ, ಆಮೇಲೆ ಹೆಂಡತಿಗೆ ಅದರಲ್ಲಿ ಅರ್ಧ. ಅಳಿಯ ಸೇರುವಷ್ಟರಲ್ಲಿ ಆ ಭಾಗ್ಯಕ್ಕೆ ಬೀಗ ಬಿದ್ದಿತ್ತು. ಅವನ ಸಂಬಳದಲ್ಲಿ ಮುರಿದುಕೊಂಡ ದುಡ್ಡು ಷೇರುಪೇಟೆಗೆ ಹೋಗುತ್ತದೆ. ಪೇಟೆ ಎದ್ದರೆ ಉಂಟು, ಮಲಗಿದರೆ ಇಲ್ಲ.

“ನಿಮಗೇನು ಮಾವ, ಮಹಾರಾಜರು. ಮುದುಕ ಆದ್ಮೇಲೆ ನಾನು ನಿಮ್ಮನೆ ಬಾಗಿಲಲ್ಲೇ ಬಿದ್ಕೊಳ್ಳೋದು,” ಎನ್ನುತ್ತಿದ್ದ ಅಳಿಯ.

“ಬಿದ್ಕೊಳ್ಳೋ. ದಿನಾ ಬೆಳಗ್ಗೆ ಒದ್ದು ಎಬ್ಬಿಸ್ತೀನಿ,” ಎಂದು ಮಾವ ನಗುತ್ತಿದ್ದರು.

ಆ ಮಹಾರಾಜರ ತಲೆ ಕೈಕೊಡಲು ಶುರುವಾಗಿ ಒಂದು ವರ್ಷವಾಗುತ್ತ ಬಂದಿತ್ತು. ಮೊದಲು ಕನ್ನಡಕ ಮರೆತರು, ಆಮೇಲೆ ಬೈಕ್ ನಿಲ್ಲಿಸಿದ ಜಾಗ, ಆಮೇಲೆ ಮನೆಗೆ ತಿರುಗುವ ಬೀದಿಯನ್ನೇ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಕೂತು ಮಾಡುವ ಕೆಲಸ ಕೇಳೋಣವೆಂದರೆ ಅದಕ್ಕೆ ಡಾಕ್ಟರ್ ಚೀಟಿ ಬೇಕು. ಇವರ ತಲೆ ನೆಟ್ಟಗಿಲ್ಲ ಎಂದು ಡಾಕ್ಟರ್ ಬರೆದ ದಿನವೇ ಸರ್ವಿಸ್ ಮುಗಿದ ಹಾಗೆ. ಪಿಂಚಣಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ರಜೆ ಹಾಕೋಣವೆಂದರೆ ಇದ್ದಬದ್ದ ರಜೆಯೆಲ್ಲ ಅತ್ತೆಯ ಮಂಡಿ ಆಪರೇಷನ್ನಿಗೆ ತೀರಿಹೋಗಿತ್ತು. ಸರ್ಕಾರದ ಲೆಕ್ಕಾಚಾರ ನೋಡಿ, ಕಂಬದ ಮೇಲೆ ಮೂಳೆ ಸವೆಸಿದ ಅಷ್ಟೂ ವರ್ಷ ಈ ನಾಲ್ಕು ತಿಂಗಳ ಕಾಲಡಿಯಲ್ಲಿ ಸಿಕ್ಕಿಬಿದ್ದಿದ್ದವು.

ಒಂದು ದಿನ ಅತ್ತೆ ಅಳಿಯನನ್ನು ಅಡುಗೆಮನೆಗೆ ಕರೆದು ಕೈ ಹಿಡಿದುಕೊಂಡರು. “ಹೇಗಾದ್ರೂ ಮಾಡಿ ದಾಟಿಸಿಬಿಡೋ. ಮುಂದೆ ಅವರು ಮಗು ಥರ ಆಗ್ತಾರಂತೆ. ನೋಡ್ಕೊಳ್ಳೋಕೆ ನನಗೆ ಶಕ್ತಿ ಇದೆ, ದುಡ್ಡಿಲ್ಲ.”

ತಾಯಿಯಿಲ್ಲದ ಅವನಿಗೆ ತುತ್ತು ಇಟ್ಟು ಸಾಕಿದ ಕೈ ಅದು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಂದಿನಿಂದ ಫ್ಯೂಸ್ ಕೀಳುವವನೂ ಅಳಿಯ, ಕಂಬ ಹತ್ತುವವನೂ ಅಳಿಯ, ಇಳಿದು ಬಂದು ಕರೆಂಟ್ ಕೊಡುವವನೂ ಅಳಿಯ. ಮಾವ ಕೆಳಗೆ ಸಾಮಾನು ಕಟ್ಟಿ ಕಳಿಸುವ ಹಗ್ಗ ಹಿಡಿದು ನಿಲ್ಲುತ್ತಿದ್ದರು. ನೋಡಿದವರಿಗೆ ಇಬ್ಬರೂ ಮೈಮುರಿದು ದುಡಿಯುತ್ತಿರುವಂತೆಯೇ ಕಾಣುತ್ತಿತ್ತು. ಎರಡು ತಿಂಗಳು ಹೀಗೇ ಸರಿದವು.

ಆ ದಿನ ಅಂಗಡಿಬೀದಿಯಲ್ಲಿ ಮರದ ಕೊಂಬೆ ಬಿದ್ದು ತಂತಿ ಹರಿದಿತ್ತು. ಹಾಳಾದ್ದು, ಅದೇ ಹೊತ್ತಿಗೆ ಸೆಕ್ಷನ್ ಆಫೀಸರ್ ಜೀಪಿನಲ್ಲಿ ಬಂದಿಳಿಯಬೇಕೇ! ಸಾಹೇಬರು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ರೀ ಹಳೇ ಸ್ಕೀಮು, ಎಲ್ಲಾ ಕೆಲಸ ಅಳಿಯಂದೇನಾ? ನೀವೇನು ಮದುವೆಗೆ ಬಂದಿದ್ದೀರಾ?”

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಹೋಗಿ ಮೂರೂ ಫ್ಯೂಸುಗಳನ್ನು ಪಟಪಟನೆ ಕಿತ್ತಿದ್ದರು. ತಲೆ ಮರೆತರೂ ಕೈ ಮರೆತಿರಲಿಲ್ಲ. ಕಿತ್ತದ್ದನ್ನು ಅಭ್ಯಾಸದಂತೆ ತಮ್ಮ ಪ್ಯಾಂಟಿನ ಜೇಬಿಗೇ ಹಾಕಿಕೊಂಡರು.

ಕೊಡಿ ಮಾವ ಎನ್ನಬೇಕಿತ್ತು. ಎಂದರೆ ಯಾಕೆ ಎಂದು ಸಾಹೇಬರು ಕೇಳುತ್ತಾರೆ. ಹತ್ತುವವರು ನೀವೇ ತಾನೇ ಎಂದು ಮಾವನ ಕಡೆ ತಿರುಗುತ್ತಾರೆ. ಮಾವ ಹತ್ತಿದರೆ ಇಳಿಯುವುದನ್ನು ಮರೆತಾರು! ಅಳಿಯ ಬೆಲ್ಟ್ ಕಟ್ಟಿಕೊಂಡ.

“ಹತ್ತೋ, ನಾನಿದ್ದೀನಲ್ಲ,” ಎಂದರು ಮಾವ. ಸಾಹೇಬರಿಗೆ ಸಮಾಧಾನವಾಯಿತೇನೋ, ಜೀಪು ಹೊರಟಿತು. ಕಂಬದ ಹತ್ತಿರ ಬಂದ ಮೇಲಾದರೂ ಕೇಳಬಹುದಿತ್ತು. ಎದೆ ಉಬ್ಬಿಸಿ ನಡೆಯುತ್ತಿದ್ದ ಆ ಮುದುಕನ ಮುಖ ನೋಡಿ ಅವನಿಗೆ ಮನಸ್ಸಾಗಲಿಲ್ಲ.

ಆ ಕಂಬದ ತುದಿಯಲ್ಲಿ ಕರೆಂಟಿನ ಮೂರು ತಂತಿಗಳು ಎರಡು ಸಾಲಾಗಿದ್ದವು. ನಡುವೆ ನುಸುಳಿಯೇ ಮೇಲೆ ಹೋಗಬೇಕು, ನುಸುಳಿಯೇ ಕೆಳಗೆ ಬರಬೇಕು. ಒಂದು ತಂತಿ ಅವನ ಬೆನ್ನಿಗೆ ಒರಗಿತ್ತು, ಇನ್ನೊಂದು ಮೊಣಕೈಗೆ ತಾಗಿತ್ತು. ಕರೆಂಟ್ ಇಲ್ಲದ್ದರಿಂದ ಅಂಗಡಿಗಳ ಮುಂದೆ ಜನರೇಟರುಗಳು ಬಡಬಡ ಎನ್ನುತ್ತಿದ್ದವು. ಹರಿದ ತುದಿಯನ್ನು ಎಳೆದು ಬಿಗಿಯುತ್ತಿರುವಾಗ ಪಕ್ಕದಲ್ಲಿ ತೂಗುತ್ತಿದ್ದ ಹಗ್ಗ ಸಡಿಲವಾಯಿತು.

ಕೆಳಗೆ ನೋಡಿದ. ಮಾವ ಹಗ್ಗವನ್ನು ನೀಟಾಗಿ ಸುತ್ತಿ ನೆಲಕ್ಕಿಟ್ಟಿದ್ದರು. ಜೇಬಿಗೆ ಕೈಹಾಕಿ ಒಂದು ಫ್ಯೂಸ್ ತೆಗೆದು ಅದನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಹಣೆ ಚಚ್ಚಿಕೊಂಡರು. ಆ ಮುಖಭಾವ ಅಳಿಯನಿಗೆ ಚೆನ್ನಾಗಿ ಗೊತ್ತು: ಅಯ್ಯೋ, ಕೆಲಸ ಮುಗಿಸಿ ಫ್ಯೂಸ್ ಹಾಕದೆ ಬಂದುಬಿಟ್ಟೆನಲ್ಲ, ಜನ ಕಾಯುತ್ತಿದ್ದಾರಲ್ಲ! ಸರ್ವಿಸ್ಸಿನಲ್ಲಿ ಒಂದೇ ಒಂದು ಮನೆಯನ್ನೂ ಸುಮ್ಮಸುಮ್ಮನೆ ಕತ್ತಲಲ್ಲಿಟ್ಟವರಲ್ಲ ಅವರು. ನಿಯತ್ತಿನ ಮನುಷ್ಯ ಟ್ರಾನ್ಸ್‌ಫಾರ್ಮರ್ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದರು.

“ಮಾವಾ! ಮಾವಾ, ಬೇಡ!”

ಜನರೇಟರುಗಳು ಅವನ ಕೂಗನ್ನು ನುಂಗಿಹಾಕಿದವು. ಕೆಳಗಿನ ಪಾತ್ರೆ ಅಂಗಡಿಯವನು ಮೇಲೆ ನೋಡಿ, ತನ್ನನ್ನೇ ಮಾತಾಡಿಸುತ್ತಿದ್ದಾನೆಂದು ಕೈಬೀಸಿ ಹಲ್ಲು ಕಿರಿದ. ನಿನ್ನ ಮನೆ ಹಾಳಾಗ! ಬೆಲ್ಟ್ ಬಿಚ್ಚಿ ತಂತಿಗಳ ನಡುವೆ ನುಸುಳಿ ಇಳಿಯುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಸೊಂಟದಲ್ಲಿ ಅರ್ಥಿಂಗ್ ಚೈನ್ ಇತ್ತು. ಅದರ ಒಂದು ತುದಿಯನ್ನು ಕಂಬದಿಂದ ನೆಲಕ್ಕಿಳಿಯುವ ಅರ್ಥ್ ತಂತಿಗೆ ಸಿಕ್ಕಿಸಿ, ಇನ್ನೊಂದನ್ನು ಕರೆಂಟಿನ ತಂತಿಗಳಿಗೆ ಹಾಕಿಯೇ ಕೆಲಸ ಶುರುಮಾಡಬೇಕು. ಆಗ ಯಾರು ಕರೆಂಟ್ ಕೊಟ್ಟರೂ ಅದು ನೆಲಕ್ಕಿಳಿದು ಫ್ಯೂಸೇ ಸುಟ್ಟುಹೋಗುತ್ತದೆ. ಸಾಹೇಬರ ಗಡಿಬಿಡಿಯಲ್ಲಿ ಅದನ್ನೂ ಬಿಟ್ಟಿದ್ದ.

ಮಾವ ಟ್ರಾನ್ಸ್‌ಫಾರ್ಮರ್ ಮುಂದೆ ನಿಂತರು. ಅಳಿಯ ಚೈನಿನ ಒಂದು ತುದಿಯನ್ನು ಅರ್ಥ್ ತಂತಿಗೆ ಸಿಕ್ಕಿಸಿದ. ತಾನು ದೂರ ಸರಿಯಬೇಕಾದ ತಂತಿಗಳ ಮೇಲೆಯೇ ಬಾಗಿ ಚೈನನ್ನು ಬೀಸಿದ. ಜಾರಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಸತ್ತೆ ಎಂದೇ ಅನ್ನಿಸಿತ್ತು. ಇನ್ನೊಮ್ಮೆ ಬೀಸಿದ. ಚೈನು ಮೂರೂ ತಂತಿಗಳನ್ನು ಸುತ್ತಿಕೊಂಡಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡದ್ದಷ್ಟೇ ನೆನಪು.

ಬೀದಿಯ ಆ ತುದಿಯಲ್ಲಿ ಫಟ್ ಎಂದು ನೀಲಿ ಬೆಂಕಿ ಹಾರಿತು. ಮಾವ ಹಿಂದಕ್ಕೆ ಬಿದ್ದರು.

ಅಂಗೈ ಸುಟ್ಟಿತ್ತು, ಅಷ್ಟೇ. ಜೀವಕ್ಕೆ ಏನೂ ಆಗಲಿಲ್ಲ. ಅಳಿಯ ಆಸ್ಪತ್ರೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿ, ಸಂಜೆ ಮನೆಗೆ ತಂದು ಬಿಟ್ಟ.

“ಸಣ್ಣ ಶಾರ್ಟ್ ಆಯ್ತು ಅತ್ತೆ,” ಎಂದ.

ಅತ್ತೆ ಅವನ ಮುಖ ನೋಡಿದರು. ಲೈನ್‌ಮನ್ ಹೆಂಡತಿ, ಸುಮ್ಮನೆ ಬಿಡುತ್ತಾರೆಯೇ? “ಫ್ಯೂಸ್ ಯಾರ ಜೇಬಲ್ಲಿತ್ತು?”

ಅವನು ತಲೆ ತಗ್ಗಿಸಿದ. ಅತ್ತೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿ, ಅದೇ ಕೈಯಲ್ಲಿ ಅವನನ್ನು ಎಳೆದು ತಬ್ಬಿಕೊಂಡು ಅತ್ತರು. “ದಾಟಿಸು ಅಂದೆ ಕಣೋ. ನಿನ್ನ ಪ್ರಾಣ ಕೊಟ್ಟು ದಾಟಿಸು ಅಂದ್ನೇನೋ? ಸಾಕು. ನಾಳೆ ಡಾಕ್ಟರ್ ಹತ್ರ ಹೋಗೋಣ.”

“ಯಾರಿಗೆ ಡಾಕ್ಟರ್?” ಕುರ್ಚಿಯಲ್ಲಿದ್ದ ಮಾವ ಸಿಡಿದರು. “ಹುಚ್ಚು ಹಿಡಿದಿದ್ಯಾ ನಿನಗೆ? ಇನ್ನೆರಡೇ ತಿಂಗಳು. ಈಗ ಬಿಟ್ರೆ ನಾನು ಸತ್ಮೇಲೆ ನೀನು ಯಾರ ಮುಂದೆ ಕೈ ಚಾಚ್ತೀಯ?”

“ಆ ಕೈಗೆ ಏನಾಯ್ತು, ಹೇಳಿ ನೋಡೋಣ,” ಎಂದರು ಅತ್ತೆ.

ಮಾವ ಪಟ್ಟಿ ಕಟ್ಟಿದ ಕೈಯನ್ನು ಮಗುಚಿ ಮಗುಚಿ ನೋಡಿದರು. ಗೊತ್ತಿರಲಿಲ್ಲ. ಎಡಗೈಯಿಂದ ಜೇಬು ತಡವಿ, ಉಳಿದಿದ್ದ ಎರಡು ಫ್ಯೂಸ್ ತೆಗೆದರು. ಅಳಿಯನ ಸೊಂಟದಲ್ಲಿ ಇನ್ನೂ ಬಿಚ್ಚದೇ ಇದ್ದ ಬೆಲ್ಟ್ ನೋಡಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಮೇಲೆ ಯಾರಿದ್ರು?”

ಮಾವ ಎದ್ದು ಬಂದು ಎರಡೂ ಫ್ಯೂಸುಗಳನ್ನು ಅಳಿಯನ ಅಂಗಿಯ ಜೇಬಿಗಿಟ್ಟು, ಒಂದೇ ಕೈಯಲ್ಲಿ ಕಷ್ಟಪಟ್ಟು ಗುಂಡಿ ಹಾಕಿದರು.

“ಬೆಳಗ್ಗೆ ಹೊತ್ತಿಗೆ ನಾನು ಮರೆತಿರ್ತೀನಿ,” ಎಂದರು. “ಎರಡೇ ತಿಂಗಳು ಅಂತ ಹಟ ಮಾಡ್ತೀನಿ. ಬೈತೀನಿ. ಬಿಡಬೇಡ, ಇದನ್ನೇ ತೋರಿಸು.”

ಬೆಳಗ್ಗೆ ಅಳಿಯ ಬಂದಾಗ ಮಾವ ಯೂನಿಫಾರಂ ಹಾಕಿಕೊಂಡು ಸಿದ್ಧವಾಗಿ ನಿಂತಿದ್ದರು. ಹಿಂದೆ ಬಾಗಿಲ ಬಳಿ ಅತ್ತೆ.

“ಏನೋ ಹೊಸ ಸ್ಕೀಮು, ಇಷ್ಟು ಲೇಟು? ನಡಿ ನಡಿ, ಇನ್ನೆರಡೇ ತಿಂಗಳು,” ಎಂದು ನಕ್ಕರು.

ಅಳಿಯ ಜೇಬಿನ ಗುಂಡಿ ಬಿಚ್ಚಿ ಫ್ಯೂಸುಗಳನ್ನು ಮಾವನ ಎದುರು ಹಿಡಿದ.

ಮಾವ ಅವನ್ನು ನೋಡಿದರು, ಆಮೇಲೆ ತಮ್ಮ ಕೈಯ ಪಟ್ಟಿಯನ್ನು ನೋಡಿದರು. ನಗು ಮಾಯವಾಯಿತು.

“ಮೇಲೆ ಯಾರಿದ್ರೋ?”

“ನಾನು, ಮಾವ.”

ಮಾವ ಅತ್ತೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಯೂನಿಫಾರಮ್ಮಿನ ಗುಂಡಿಗಳನ್ನು ಬಿಚ್ಚತೊಡಗಿದರು.