ಬೂಟು ಬೇಡವೆಂದ ದೇವರು

ಯತ್ತಪ್ಪನಿಗೆ ನಾನು ಕೇಡು ಬಯಸಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ಮಧುಗಿರಿ ಪೇಟೆಯಲ್ಲಿ ಈಗ ಯಾರೂ ನಂಬುವುದಿಲ್ಲ. ಆದರೆ ನನ್ನ ಜಾಗದಲ್ಲಿ ನಿಂತು, ಹಿಮಕ್ಕೆ ನಾನೇ ಹೋಗುತ್ತಿದ್ದೆ ಎನ್ನುವ ಗಂಡಸು ಯಾರಾದರೂ ಇದ್ದರೆ ಮುಂದೆ ಬರಲಿ, ಅವನ ಕಾಲು ತೊಳೆದು ನೀರು ಕುಡಿಯುತ್ತೇನೆ.

ನಾನು ಸಂಜೀವಯ್ಯ, ಬೆಟ್ಟದ ಬುಡದ ಬಂಗಲೆಯಲ್ಲಿ ಪಾರ್ಕಿನ್ಸ್ ದೊರೆಯ ಬಟ್ಲರ್. ದೊರೆ ಕೊಳಾಲದ ಕಡೆ ಅದಿರು ಹುಡುಕುವ ಕಂಪನಿಯವರು. ಅವರಿಗೆ ಕನ್ನಡ ಬಾರದು, ಒಡಕು ಹಿಂದೂಸ್ತಾನಿ ಬರುತ್ತದೆ. ನನಗೆ ಇಂಗ್ಲಿಷ್ ಬರುತ್ತದೆ. ಹಾಗಾಗಿ ಅವರ ಮಾತು ಊರಿಗೆ, ಊರಿನ ಮಾತು ಅವರಿಗೆ ಮುಟ್ಟುವುದು ನನ್ನ ಬಾಯಿಂದಲೇ. ಹತ್ತು ವರ್ಷ ಆ ಬಾಯಿಯೇ ನನಗೆ ಅನ್ನ ಹಾಕಿದೆ. ದೊರೆ ಬೈಯುವವರಲ್ಲ, ಹೊಡೆಯುವವರಲ್ಲ. ಆದರೆ ಮೋಸ ಕಂಡರೆ ಮಾತ್ರ ಕರುಣೆಯಿಲ್ಲ. ಎರಡು ಬೆಳ್ಳಿ ಚಮಚ ಕದ್ದ ಅಡಿಗೆಯವನನ್ನು ಆರು ತಿಂಗಳು ಜೈಲಿಗೆ ಹಾಕಿಸಿ, ಆ ಸಂಜೆ ಎಂದಿನಂತೆ ಟೀ ಕುಡಿದರು.

ಅವರಿಗಿದ್ದ ಹುಚ್ಚು ಒಂದೇ, ಸ್ಕೀ. ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ಹಿಮ ಇರುವುದು ಕಾಶ್ಮೀರದಲ್ಲಿ. ಅಷ್ಟು ದೂರ ಹೋಗಿ ಮೆರೆಯುವಷ್ಟು ಸಂಬಳ ಕಂಪನಿ ಕೊಡುತ್ತಿರಲಿಲ್ಲ. ಅದಕ್ಕೇ ವರ್ಷವಿಡೀ ಸಂಜೆ ಹೊತ್ತು ಒಂದು ಪುಸ್ತಕ ಹಿಡಿದು ಪ್ರವಾಸದ ಲೆಕ್ಕಾಚಾರ. ಮೊದಲ ಹಾಳೆಯ ಮೇಲೆ 'ಕಡಿಮೆ ಖರ್ಚು, ಹೆಚ್ಚು ಖುಷಿ' ಎಂದು ಇಂಗ್ಲಿಷಿನಲ್ಲಿ ಬರೆದು ಅಡಿಗೆರೆ ಎಳೆದಿದ್ದರು. ಹೋಟೆಲು ಬೇಡ, ಗುಡಾರ ಸಾಕು ಎಂದು ಒಂದು ಗೀಟು. ಅಲ್ಲಿಯ ಊಟ ಬೇಡ, ಇಲ್ಲಿಂದಲೇ ಅಕ್ಕಿ, ಹುರಿಹಿಟ್ಟು ಎಂದು ಇನ್ನೊಂದು ಗೀಟು. ಅಲ್ಲಿಯ ಕೂಲಿಗಳು ದುಬಾರಿ, ಇಲ್ಲಿಂದಲೇ ಒಬ್ಬ ಆಳನ್ನು ಥರ್ಡ್ ಕ್ಲಾಸಿನಲ್ಲಿ ಕರೆದೊಯ್ಯುವುದು ಎಂದು ಮತ್ತೊಂದು. ಆ ಆಳು ನಾನೇ.

ಹೋಗುವ ಮುಂಚೆ ಅಭ್ಯಾಸ ಬೇಕಲ್ಲ! ಬೇಸಿಗೆಯಲ್ಲಿ ಬಂಗಲೆಯ ಹಿಂದಿನ ದಿಬ್ಬಕ್ಕೆ ರಾಗಿ ಹುಲ್ಲು ಹರಡಿಸಿ ದೊರೆ ಅದರ ಮೇಲೆ ಜಾರುತ್ತಿದ್ದರು, ಬೀಳುತ್ತಿದ್ದರು. ಹುಲ್ಲು ಹರಡಲು ಬರುತ್ತಿದ್ದವನೇ ಯತ್ತಪ್ಪ, ಕೊಳಾಲದ ಹತ್ತಿರದ ಗೊಲ್ಲರ ಹಟ್ಟಿಯವನು. ಅವನ ಕುರಿ ಮೇಯುತ್ತಿದ್ದ ಗುಡ್ಡಕ್ಕೆ ಕಂಪನಿ ಬೇಲಿ ಹಾಕಿತ್ತು. ಬೇಲಿ ತೆಗೆಸಿಕೊಡಿ ಎಂದು ಕೇಳಲು ಬಂದವನನ್ನು ನಾನು ಬಿಟ್ಟಿ ಕೆಲಸಕ್ಕೆ ಹಚ್ಚಿದ್ದೆ.

ಒಂದು ಮಧ್ಯಾಹ್ನ ದೊರೆ ಮುಗ್ಗರಿಸಿ, ಒಂದು ಹಲಗೆ ಹಾರಿ ಬೋಳುಬಂಡೆಯ ಮೇಲೆ ಬಿತ್ತು. ಏಪ್ರಿಲ್ ಬಿಸಿಲು, ಬಂಡೆ ಕಾದ ಹೆಂಚಾಗಿತ್ತು. ಯತ್ತಪ್ಪ ಬರಿಗಾಲಲ್ಲಿ ನಡೆದುಹೋಗಿ, ಅಲ್ಲೇ ನಿಂತು ಹಲಗೆಯ ಧೂಳು ಒರೆಸಿ, ನಿಧಾನವಾಗಿ ವಾಪಸ್ ಬಂದ. ದೊರೆ ಬೆರಗಾಗಿ, ಇವನ ಕಾಲು ಕಲ್ಲೇ ಎಂದು ಕೇಳಿದರು. ಯತ್ತಪ್ಪನ ದಪ್ಪ ಮೆಟ್ಟು ಗೇಟಿನ ಹತ್ತಿರವೇ ಇತ್ತು. ದೊರೆಯ ಎದುರು ಮೆಟ್ಟು ಹಾಕಿಕೊಂಡು ನಿಲ್ಲುವ ಎದೆ ಯಾರಿಗಿದೆ? ನಾನೇ ಹತ್ತು ವರ್ಷದಿಂದ ಅವರ ಮುಂದೆ ಬರಿಗಾಲು. ನಮ್ಮ ಜನಕ್ಕೆ ಪಾದರಕ್ಷೆಯೇ ಗೊತ್ತಿಲ್ಲ ಎಂದು ಅವರು ತಿಳಿದಿದ್ದರೆ ಅದೇನೂ ಆಶ್ಚರ್ಯವಲ್ಲ.

ಅಕ್ಟೋಬರಿನಲ್ಲಿ ಶಿರಾದ ಮೋಚಿ ಸಾಬರು ಬಂದು ನನ್ನ ಕಾಲಿನ ಅಳತೆ ತೆಗೆದುಕೊಂಡು ಹೋದರು. ಬೂಟು ಬಂತು. ಅಬ್ಬಾ, ಎಂಥಾ ಬೂಟು! ಒಳಗೆ ಉಣ್ಣೆ, ಹೊರಗೆ ಎರಡು ಪದರ ತೊಗಲು, ಹಿಮ್ಮಡಿಗೆ ದೊರೆಯ ಹೆಸರಿನ ಮುದ್ರೆ. ಯಾರೂ ಇಲ್ಲದಾಗ ಹಾಕಿಕೊಂಡು ಕೋಣೆಯೊಳಗೇ ಓಡಾಡಿದೆ. ಜನ್ಮದಲ್ಲಿ ಮೊದಲ ಸಲ ನಾನೂ ಒಬ್ಬ ಮನುಷ್ಯ ಅನ್ನಿಸಿತು.

ಅದೇ ವಾರ ಕೊರಟಗೆರೆಯ ಮಹಾಲಿಂಗಯ್ಯ ಸಿಕ್ಕಿದ. ದಂಡಿನಲ್ಲಿದ್ದು ಪಿಂಚಣಿ ಪಡೆದು ಬಂದವನು. ಹಿಮ ಕಂಡಿದ್ದೀಯಾ ಎಂದು ಕೇಳಿದೆ.

"ಕಂಡಿವ್ನಿ ಕಣಯ್ಯ. ಅದು ಕಚ್ಚೋದೇ ಗೊತ್ತಾಗಲ್ಲ. ಬೆರಳು ಕರ್ರಗಾಗಿ ಉದ್ರೋಯ್ತವೆ. ಬೂಟು ಇದ್ದೋರಿಗೇ ಅಂಗೆ, ಇಲ್ದೋರ ಕತೆ ಕೇಳ್ಬ್ಯಾಡ."

ಹೌದು, ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಿದ್ದೇನೆ, ಇವತ್ತು ಆ ಸುಳ್ಳು ಬೇಡ.

ಅಮ್ಮನಿಗೆ ಹುಷಾರಿಲ್ಲ ಎಂದು ದೊರೆಯ ಮುಂದೆ ಅತ್ತೆ. ನನ್ನ ಬದಲು ಯತ್ತಪ್ಪ ಬರುತ್ತಾನೆ ಎಂದೆ. ಅವರಿಗೆ ಬಂಡೆ ನೆನಪಾಗಿ ಖುಷಿಯಾಯಿತು. ಹಾಗಾದರೆ ಬೂಟು ಅವನಿಗೆ ಕೊಡು ಎಂದರು. ಆ ಬೂಟು, ಕುರಿ ಹಿಕ್ಕೆ ತುಳಿಯುವ ಕಾಲಿಗೆ!

"ಅವರ ದೇವರು ಕಾಲಿಗೆ ತೊಗಲು ಬೇಡವೆಂದಿದ್ದಾನೆ ದೊರೆ," ಎಂದುಬಿಟ್ಟೆ. "ತೊಗಲು ತಾಗಿದರೆ ಕುಲದಿಂದ ಹೊರಗೆ."

ದೊರೆಗೆ ನಮ್ಮ ಆಚಾರಗಳೆಂದರೆ ಬಲು ಗೌರವ. ಪುಸ್ತಕ ತೆಗೆದು ಅದನ್ನು ಬರೆದುಕೊಂಡು, ಬೂಟು ಎಂಬಲ್ಲಿ ಗೀಟು ಹಾಕಿದರು. ಮೋಚಿ ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡ ಎಂದು ನನ್ನ ಜೇಬಿನಿಂದಲೇ ನಾಲ್ಕು ರೂಪಾಯಿ ತಂದುಕೊಟ್ಟೆ. ಬೂಟು ನನ್ನ ಪೆಟ್ಟಿಗೆ ಸೇರಿತು.

ಹಟ್ಟಿಗೆ ಹೋಗಿ, "ಲೇ ಯತ್ತಪ್ಪ, ದೊರೆ ಜೊತೆ ಎಲ್ಡು ತಿಂಗ್ಳು ಓಗ್ಬಾ. ಬೇಲಿ ತೆಗುಸ್ತೀನಿ," ಎಂದೆ.

ಅವನ ಹೆಂಡತಿ ಕರಿಯಕ್ಕ ಮೆಟ್ಟು ತಂದು ಗಂಟಿನ ಪಕ್ಕ ಇಟ್ಟಳು. "ಅಲ್ಲಿ ಬೋ ಚಳಿಯಂತೆ ಕಣಣ್ಣ. ಕಾಲ್ಗೆ ಇದು ಸಾಕಾ?"

"ಅದ್ನ ಇಲ್ಲೇ ಬುಡಮ್ಮ. ದೊರೆ ಅಲ್ಲೇ ಹೊಸಾ ಬೂಟು ಕೊಡುಸ್ತಾರೆ."

"ಬೂಟಾ! ನನ್ಗಾ!" ಎಂದು ಯತ್ತಪ್ಪ ನಕ್ಕ. ಕರಿಯಕ್ಕ ನನಗೆ ಒಂದು ಚೆಂಬು ಹಾಲು ಕೊಟ್ಟಳು, ನಾನು ಕುಡಿದೆ.

ಎರಡು ತಿಂಗಳಲ್ಲಿ ದೊರೆಯೊಬ್ಬರೇ ಬಂದರು, ಮುಖ ಕೆಂಪಗೆ, ಉಲ್ಲಾಸವಾಗಿ. ಯತ್ತಪ್ಪ ಆಸ್ಪತ್ರೆಯಲ್ಲಿ ಉಳಿದ, ಪಾಪ ಎಂದರು. ಅವನು ಬಂದದ್ದು ಮಾರ್ಚಿನಲ್ಲಿ, ಎರಡು ಕೋಲು ಊರಿಕೊಂಡು. ಬಲಗಾಲಿಗೆ ಬೆರಳಿಲ್ಲ, ಎಡಪಾದ ಅರ್ಧವೇ ಇಲ್ಲ. ಹಿಮ್ಮಡಿಯ ಮೇಲೆ ಆಗತಾನೇ ಹುಟ್ಟಿದ ಎಮ್ಮೆಗರುವಿನಂತೆ ತಟ್ಟಾಡುತ್ತಿದ್ದ. ದೊರೆ ಮರುಗಿ, ಕೂತು ಮಾಡುವ ಕೆಲಸವೆಂದು ಗಾಳಿಗೆಂದು ಸೂರಿಗೆ ಕಟ್ಟಿದ ಪಂಖ ಎಳೆಯುವ ಹಗ್ಗ ಅವನ ಕೈಗೆ ಕೊಟ್ಟರು. ಬೇಲಿಯನ್ನೂ ತೆಗೆಸಿದರು. ಮೇಯಿಸುವವರಿಲ್ಲದೆ ಕರಿಯಕ್ಕ ಅಷ್ಟರಲ್ಲಿ ಕುರಿ ಮಾರಿದ್ದಳು.

ಒಂದು ಸೋಮವಾರ ದೊರೆ ಪಾವಗಡಕ್ಕೆ ಹೋಗಿದ್ದರು. ನಾನು ಬೂಟು ಹಾಕಿಕೊಂಡು ಪೇಟೆಗೆ ಹೊರಟೆ. ಯತ್ತಪ್ಪ ಜಗಲಿಯಲ್ಲಿ ಕೂತಿದ್ದವನು ನನ್ನ ಕಾಲು ನೋಡಿದ. ಅವನು ಕೇಳುವ ಮೊದಲೇ ಕುಂಬಳಕಾಯಿ ಕಳ್ಳನ ಹಾಗೆ ನಾನೇ, "ಹಳೇವು ಕಣ್ಲಾ," ಎಂದೆ.

"ಹಿಮ್ಮಡೀಲಿ ದೊರೆ ಮುದ್ರೆ ಐತೆ," ಎಂದ. ಆಮೇಲೆ ಮೆಲ್ಲಗೆ ಹೇಳತೊಡಗಿದ.

"ಓದ ದಿನದಿಂದ್ಲೂ ಬೂಟು ಕೊಡ್ತಾರೆ ಅಂತ ಕಾದೆ ಕಣಣ್ಣ. ದೊರೆ ಮುಂದೆ ಜಾರ್ಕೊಂಡು ಓಗೋರು, ನಾನು ಗುಡಾರ ಹೊತ್ಕೊಂಡು ಹಿಂದೆ. ಕಾಲು ಉರ್ದು ಉರ್ದು ತಡೀನಾರ್ದೆ ನೀರಿನ ತೊಗಲುಚೀಲ ಹರ್ದು ಕಾಲ್ಗೆ ಸುತ್ಕೊಂಡೆ. ದೊರೆ ನೋಡ್ಬುಟ್ರು. ಮಂಡಿಯೂರಿ ಕೂತು, ಅವರ ಕೈಯಾಗೇ ಬಿಚ್ಚಿದ್ರು. ಮ್ಯಾಲೆ ಕೈ ತೋರ್ಸಿ, ಬ್ಯಾಡ ಬ್ಯಾಡ ಅಂದ್ರು. ನನ್ಗೇನೂ ತಿಳೀಲಿಲ್ಲ. ಆಸ್ಪತ್ರೇಲಿ ಅನಂತಪುರದ ಕಾಂಪೌಂಡರ್ ಒಬ್ಬ ಇದ್ದ. 'ಮೀ ದೇವುಡು ಚೆಪ್ಪುಲು ವದ್ದನ್ನಾಡಂಟ ಗದಾ?' ಅಂದ. ನಮ್ ದೇವ್ರು ಮೆಟ್ಟು ಬ್ಯಾಡ ಅಂದವ್ನಂತೆ! ಯಾವಾಗ ಅಂದ್ನಣ್ಣ? ನಿನ್ ಕಿವೀಲಿ ಅಂದ್ನಾ?"

ಬೈದಿದ್ದರೆ, ಕೋಲು ಬೀಸಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವನು ಸುಮ್ಮನೆ ಹಗ್ಗದ ತುದಿ ಸರಿಮಾಡಿಕೊಂಡ. ನಾನು ಒಳಗೆ ಹೋಗಿ ಬೂಟು ಬಿಚ್ಚಿಟ್ಟೆ.

ಮತ್ತೆ ಏಪ್ರಿಲ್. ದೊರೆ ಮೇಜಿನ ಮುಂದೆ ಪುಸ್ತಕ ಹರಡಿ ಕೂತರು. ಮೂಲೆಯಲ್ಲಿ ಯತ್ತಪ್ಪ ಪಂಖ ಎಳೆಯುತ್ತಿದ್ದ. ಕಳೆದ ವರ್ಷಕ್ಕಿಂತಲೂ ಕಡಿಮೆ ಖರ್ಚಿನಲ್ಲಿ ಮುಗಿಸಬೇಕು ಎಂದರು ದೊರೆ. "ಈ ಸಲ ನೀನೇ ಬರಬೇಕು ಸಂಜೀವಯ್ಯ. ನಿನ್ನ ತಾಯಿ ಈಗ ಚೆನ್ನಾಗಿದ್ದಾರಲ್ಲ. ಮೋಚಿಗೆ ಹೇಳಿ ಕಳಿಸು, ಬೂಟು ಮಾಡಿಸೋಣ."

ಬೂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಮೂಲೆಯಿಂದ ಯತ್ತಪ್ಪನ ಹಿಂದೂಸ್ತಾನಿ ಕೇಳಿಸಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಲಿತದ್ದು, ಒರಟಾಗಿದ್ದರೂ ಸ್ಪಷ್ಟ. "ಹುಜೂರ್, ಬಟ್ಲರನ ದೇವರು ಕೂಡ ಬೂಟು ಬೇಡ ಅಂತಾನೆ. ಪಾಪ, ಹೇಳೋಕೆ ನಾಚಿಕೆ ಅವನಿಗೆ."

ದೊರೆಯ ಪೆನ್ನು ನಿಂತಿತು. ನನ್ನ ಬರಿಗಾಲು ನೋಡಿದರು. ಹತ್ತು ವರ್ಷದಿಂದ ನೋಡಿದ ಬರಿಗಾಲು. "ನಿಜವೇ?" ಎಂದರು.

ನಾನು ಬಾಯಿ ತೆರೆದೆ. ಯತ್ತಪ್ಪ ಹಗ್ಗ ಎಳೆಯುತ್ತಲೇ ಕನ್ನಡದಲ್ಲಿ, ಮಗುವಿಗೆ ಹೇಳುವ ಹಾಗೆ ಹೇಳಿದ: "ಸುಳ್ಳು ಅನ್ನಣ್ಣ. ಅನ್ನು. ನಿನ್ ಪೆಟ್ಗೇಲಿರೋದ್ನ ನಾನೇ ತಂದು ತೋರುಸ್ತೀನಿ. ಶಿರಾದ ಸಾಬ್ರೂ ಬತ್ತೀನಿ ಅಂದವ್ರೆ."

ಬಿಸಿ ತುಪ್ಪ ಬಾಯಲ್ಲಿ. ನುಂಗಲೂ ಆಗದು, ಉಗುಳಲೂ ಆಗದು. ಅಡಿಗೆಯವನು ಜೈಲಿನಿಂದ ಬಂದಾಗ ಅವನ ಮುಖ ಹೇಗಿತ್ತೆಂದು ನೆನಪಾಯಿತು.

"ನಿಜ ದೊರೆ," ಎಂದೆ.

"ನನ್ನ ಹತ್ತಿರ ಸಂಕೋಚ ಯಾಕೆ?" ಎಂದು ದೊರೆ ನನ್ನ ಭುಜ ತಟ್ಟಿ, ಬೂಟು ಎಂಬಲ್ಲಿ ಗೀಟು ಹಾಕಿದರು.

ಡಿಸೆಂಬರಿನಲ್ಲಿ ಪ್ರಯಾಣ, ಇನ್ನು ಎರಡೇ ವಾರ. ದಿನಾ ಮಧ್ಯಾಹ್ನ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ. ಬಿಸಿಲು ಚಳಿಯನ್ನು ಕಲಿಸುವುದಿಲ್ಲವೆಂದು ಗೊತ್ತು, ಆದರೂ ನಿಲ್ಲುತ್ತೇನೆ. ನಿನ್ನೆ ತಡೆಯಲಾರದೆ ಯತ್ತಪ್ಪನ ಹತ್ತಿರ ಹೋಗಿ ಕೂತೆ.

"ಹೆಂಗಿರ್ತದ್ಲಾ ಅದು?" ಎಂದು ಕೇಳಿದೆ.

"ಮೂರು ದಿನ ಉರೀತದೆ ಕಣಣ್ಣ. ಅಳು ಬತ್ತದೆ."

"ನಾಲ್ಕ್ನೇ ದಿನ?"

"ನಾಲ್ಕ್ನೇ ದಿನ ಏನೂ ನೋವಿಲ್ಲ, ಹಾಯಾಗಿರ್ತದೆ," ಎಂದು ಅವನು ಹಗ್ಗ ಎಳೆದ.