ಅತ್ತೆಯ ನಾಲಿಗೆ

ಅತ್ತೆ ಬಾಯಲ್ಲಿದ್ದ ಬ್ರೆಡ್ಡಿನ ತುತ್ತನ್ನು ಕರವಸ್ತ್ರಕ್ಕೆ ಉಗಿದು, ಅದನ್ನು ಸಾವಕಾಶವಾಗಿ ಮಡಿಸಿ ಚಹಾದ ಕಪ್ಪಿನ ಪಕ್ಕ ಇಟ್ಟರು.

"ಇದರಲ್ಲಿ ಉಪ್ಪೇ ಇಲ್ವಲ್ಲ!"

ಭಾನುವಾರದ ಆರಾಧನೆ ಮುಗಿದು ಜನ ಚರ್ಚಿನ ಸಭಾಂಗಣದಲ್ಲಿ ಚಹಾ ಕುಡಿಯುತ್ತಿದ್ದರು. ಆರ್ಗನ್ ನುಡಿಸುವವನು ಕಪ್ಪಿನೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕತೊಡಗಿದ. ಬ್ರೆಡ್ಡು ಮಾಡಿದ್ದ ಅಳಿಯ, ಊರಿನ ಬೇಕರಿಯವನು, ಚಾಕು ಹಿಡಿದುಕೊಂಡೇ ಕೇಳಿದ, "ಸ್ವಲ್ಪ ಕಡಿಮೆಯಾ ಅತ್ತೆ?"

"ಕಡಿಮೆ ಅಲ್ಲ ಅಳಿಯಂದ್ರೇ, ಇಲ್ಲ. ಹತ್ತಿ ಅಗಿದ ಹಾಗಿದೆ."

ಅವನು ಪಕ್ಕದಲ್ಲಿ ನಿಂತಿದ್ದ ಊರಿನ ಟೈಲರ್ ಕಡೆ ತಿರುಗಿದ. "ಹೋದ ವಾರ ಚೆನ್ನಾಗಿದೆ ಅಂದ್ರಲ್ಲ?"

"ಮೆತ್ತಗಿತ್ತು," ಎಂದ ಟೈಲರ್. ಮೆತ್ತಗಿದ್ದದ್ದು ಸುಳ್ಳೇನಲ್ಲ.

ಚಳಿಗಾಲದ ಜ್ವರ ಬೇಕರಿಯವನ ಮೂಗು, ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಅವನು ಉಪ್ಪನ್ನು ಎಂದೂ ತೂಗಿದವನಲ್ಲ. ಕಲಸಿದ ಹಿಟ್ಟಿನ ಚೂರನ್ನು ನಾಲಿಗೆಯ ಮೇಲಿಟ್ಟು ನೋಡುವುದು ಅವನಪ್ಪ ಕಲಿಸಿದ ಕ್ರಮ. ಜ್ವರದ ನಂತರ ಒಲೆ ಮಾರಿಬಿಡುತ್ತೇನೆ ಎಂದು ಕೂತಿದ್ದ. ಆಗ ಪಾಸ್ಟರ್ ಪ್ರಸಂಗದಲ್ಲಿ, ಕುಗ್ಗಿದವನನ್ನು ಎತ್ತಿ ನಿಲ್ಲಿಸುವುದು ಕರ್ತನ ಮಕ್ಕಳ ದಿನನಿತ್ಯದ ಕೆಲಸ, ಬೇಕರಿಯವನಿಗೆ ಪ್ರತಿಯೊಬ್ಬರೂ ದಿನಕ್ಕೊಂದು ಒಳ್ಳೆಯ ಮಾತು ಹೇಳಿ, ಎಂದಿದ್ದರು. ಜನ ಹಾಗೇ ಮಾಡಿದರು.

ಎಲ್ಲಿ ಹೆಚ್ಚಾದೀತೋ ಎಂಬ ಅಂಜಿಕೆಯಿಂದ ಅವನು ಒಂದು ದಿನ ಉಪ್ಪು ತುಸು ಕಡಿಮೆ ಹಾಕಿದ. "ಏನು ಹದ!" ಎಂದರು. ಇನ್ನೂ ತುಸು ಇಳಿಸಿದ. "ಕೈಗುಣ ಎಲ್ಲಿ ಹೋಗುತ್ತೆ ಹೇಳಿ!" ಎಂದರು. ಹೀಗೆ ಅವನ ಕೈ ಹಿಡಿದು, ಪ್ರೀತಿಯಿಂದ, ಒಂದೊಂದೇ ಮೆಟ್ಟಿಲು ಇಳಿಸಿ ಉಪ್ಪಿಲ್ಲದ ನೆಲಕ್ಕೆ ತಂದು ಬಿಟ್ಟಿದ್ದರು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಉದ್ಯಾನದ ಕೊಳದ ಬಾತುಕೋಳಿಗಳು ಮಾತ್ರ ದಿನಾ ಬ್ರೆಡ್ಡು ತಿಂದು ಮೈ ತುಂಬಿಕೊಂಡಿದ್ದವು.

"ಅಮ್ಮಾ, ಅವರಿಗೆ ಧೈರ್ಯ ತುಂಬೋಣ ಅಂತ..." ಪಾಸ್ಟರ್ ಮೆಲ್ಲಗೆ ಹೇಳಿದರು.

"ತುಂಬಿ ಪಾಸ್ಟರೇ, ಬೇಡ ಅಂದೋರ್ಯಾರು? ಹಾಗೇ ಒಂದು ಚಿಟಿಕೆ ಉಪ್ಪು ಹಾಕಪ್ಪಾ ಅಂತಾನೂ ಅನ್ನಬಹುದಿತ್ತು."

ಮಧ್ಯಾಹ್ನ ಅವನು ಬೇಕರಿಯಲ್ಲಿ ಹಿಟ್ಟು ಕಲಸುವ ಮರದ ದೋಣಿಯನ್ನು ಕೆರೆದು ಒರೆಸುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಈಚೆಗೆ ಬ್ರೆಡ್ಡಿಗೆ ಹಚ್ಚಿದ ಬೆಣ್ಣೆಯ ಮೇಲೆ ಉಪ್ಪು ಉದುರಿಸಿಕೊಂಡು ತಿನ್ನುತ್ತಿದ್ದದ್ದು ಯಾಕೆಂದು ಅವನಿಗೆ ಈಗ ಹೊಳೆದಿತ್ತು.

"ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ ಕಣ್ರೀ."

"ನಾಳೆಯಿಂದ ಮುಚ್ತೀನಿ. ನಾಲಿಗೆ ಇಲ್ಲದವನಿಗೆ ಈ ಕಸುಬು ಯಾಕೆ?"

ಮಗಳನ್ನು ಪಕ್ಕಕ್ಕೆ ಸರಿಸಿ ಅತ್ತೆ ಒಳಗೆ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತರು. "ನನ್ನ ನಾಲಿಗೆ ಇದೆಯಲ್ಲ. ತುಂಬಾ ಉದ್ದ ಅಂತ ನೀವೇ ಹೇಳ್ತಿರ್ತೀರಂತೆ. ಕಲಸಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಗೋಡೆ ನೋಡಿದಳು. ಅವನು ಕಲಸಿದ.

ಅತ್ತೆ ಕಣ್ಣು ಮುಚ್ಚಿದರು. "ಕರ್ತನೇ, ಈ ನಾಲಿಗೆಯಿಂದ ಎಷ್ಟು ಜನರನ್ನ ನೋಯಿಸಿದೀನೋ ನಿನಗೇ ಗೊತ್ತು. ಇವತ್ತು ಒಂದು ಉಪಕಾರಕ್ಕೆ ಬರಲಿ." ಆಮೇಲೆ ಹಿಟ್ಟಿನ ಚೂರನ್ನು ಬಾಯಿಗೆ ಹಾಕಿಕೊಂಡರು. "ಹಾಕಿ. ಇನ್ನೂ ಹಾಕಿ. ಏನು ಜಿಪುಣತನ, ಹಾಕಿ! ಹಾಂ, ಸಾಕು. ಈಗ ಎಷ್ಟು ಚಮಚ ಹಾಕಿದ್ರೋ ಅಷ್ಟೇ ಉಪ್ಪನ್ನ ತಕ್ಕಡಿಗೆ ಹಾಕಿ ತೂಗಿಟ್ಟುಕೊಳ್ಳಿ."

"ನಮ್ಮಪ್ಪ ಯಾವತ್ತೂ ಉಪ್ಪು ತೂಗಿದವರಲ್ಲ."

"ನಿಮ್ಮಪ್ಪಂಗೆ ಜ್ವರ ಬಂದಿರಲಿಲ್ಲ."

ಅವನು ತೂಗಿದ. ಒಲೆಯಿಂದ ಬ್ರೆಡ್ಡು ಇಳಿದಾಗ ಸಂಜೆಯಾಗಿತ್ತು. ಅತ್ತೆ ಮುರಿದು ತಿಂದು ಮುಖ ಕಿವುಚಿದರು. "ಬೆಂದ ಮೇಲೆ ಜಾಸ್ತಿ ಆಗಿದೆ. ನಾನೂ ಹೆಡ್ಡಿ. ಒಂದು ಚಮಚ ಇಳಿಸಿ."

"ಒಂದೋ, ಅರ್ಧವೋ? ಸರಿಯಾಗಿ ಹೇಳಿ ಅತ್ತೆ."

ಅತ್ತೆ ಮತ್ತೊಂದು ಚೂರು ಅಗಿದರು. "ಮುಕ್ಕಾಲು."

ಅವನು ಅಂಗಿಯ ತೋಳು ಮಡಚಿ ಮತ್ತೆ ದೋಣಿಗೆ ಹಿಟ್ಟು ಸುರಿದ. ಅಷ್ಟರಲ್ಲಿ ಪಾಸ್ಟರ್ ಬಂದರು, ಕೈಯಲ್ಲಿ ದೊಡ್ಡ ಬಟ್ಟೆಚೀಲ.

"ತಪ್ಪಾಯ್ತು ತಮ್ಮಾ. ಎತ್ತೋಕೆ ಹೋಗಿ ಬೀಳಿಸಿಬಿಟ್ವಿ," ಎಂದರು. ಕಣ್ಣು ಕೆಂಪಗಿತ್ತು. ಮೇಜಿನ ಮೇಲೆ ಸಾಲಾಗಿದ್ದ ಬ್ರೆಡ್ಡುಗಳನ್ನು ಕಂಡು ಅವರ ಮುಖ ಅರಳಿತು. "ಆಗಲೇ ಮಾಡಿಬಿಟ್ರಾ! ಏನು ಬಣ್ಣ! ಎಲ್ಲಾನೂ ನಾನು ತಗೊಂಡು ಹೋಗ್ತೀನಿ. ಸಭೆಯವರು ಹಂಚ್ಕೊಳ್ತಾರೆ."

"ಉಪ್ಪು ಜಾಸ್ತಿಯಾಗಿದೆ," ಎಂದ ಬೇಕರಿಯವನು.

"ಹೇಗಿದ್ರೂ ಪರವಾಗಿಲ್ಲಪ್ಪ. ನಾವು ತಿಂತೀವಿ." ಅವರು ಚೀಲದ ಬಾಯಿ ಅಗಲಿಸಿ ಹಿಡಿದರು.

ಅವನು ಹಿಟ್ಟಿನಿಂದ ಕೈ ತೆಗೆದು, ಚೀಲಕ್ಕೂ ಬ್ರೆಡ್ಡಿಗೂ ನಡುವೆ ಬಂದು ನಿಂತ.

"ಕೊಡಲ್ಲ."

"ಪ್ರೀತಿಯಿಂದ ಕೇಳ್ತಾ ಇದೀವಿ, ತಮ್ಮಾ."

"ಗೊತ್ತು. ಕೊಡಲ್ಲ."